ಕುರಿ ಕಾಯ್ತಿದ್ದ ಮುತ್ತಾತನ ಹಟ್ಟಿ ಹುಡುಕೋರಿಗೆ

ಮುತ್ತಾತ ಮಧುಗಿರಿ ಕಡೆ ಗುಡ್ಡದ ಮೇಲೆ ಕುರಿ ಹಾಕ್ಕೊಂಡು, ಒಂಚೂರು ಹೊಲ ಮಾಡ್ಕೊಂಡಿದ್ದ ಅಂತಷ್ಟೇ ನಮ್ಮನೇಲಿ ಹೇಳ್ತಿದ್ರು. ಊರ ಹೆಸರು ಯಾರಿಗೂ ಗೊತ್ತಿಲ್ಲ. ನಾನು ಮೊದಲು ಆನ್‌ಲೈನ್ ಪಹಣಿ ಹಿಡ್ಕೊಂಡು ಎರಡು ತಿಂಗಳು ದಂಡ ಮಾಡ್ಕೊಂಡೆ. ನೀವು ಹಾಗೆ ಮಾಡಬೇಡಿ.

ಶುರು ಮಾಡೋದು ಮನೆದೇವರಿಂದ. ಮನೆ ಬಿಟ್ರೂ ಮುಡಿ ಕೊಡೋ ಜಾಗ ಬಿಡಲ್ಲ ನಮ್ಮ ಜನ. ಅಲ್ಲಿನ ಪೂಜಾರಿಗೆ ಯಾವ ಹಟ್ಟಿಯೋರು ಯಾವ ಕಡೆಯಿಂದ ಬರ್ತಿದ್ರು ಅಂತ ಗೊತ್ತಿರತ್ತೆ. ನಿಮ್ಮ ಮನೆತನಕ್ಕೆ ಹೆಳವರು ಬರ್ತಿದ್ರಾ ಅಂತಲೂ ಕೇಳಿ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳೋರು ಅವರು. ಎಲ್ಲಿಂದ ಎಲ್ಲಿಗೆ ಗುಳೆ ಹೋದ್ರು ಅನ್ನೋದೂ ಅವರ ಬಾಯಲ್ಲಿರತ್ತೆ.

ಆಮೇಲೆ ತಾಲ್ಲೂಕು ಕಚೇರಿ. ರೆಕಾರ್ಡ್ ರೂಮಲ್ಲಿ ಕೈಬರಹದ ಪಹಣಿ, ಮ್ಯುಟೇಶನ್ (ಜಮೀನು ಯಾರಿಂದ ಯಾರ ಹೆಸರಿಗೆ ಹೋಯ್ತು ಅನ್ನೋ ದಾಖಲೆ) ನಕಲಿಗೆ ಅರ್ಜಿ ಹಾಕಿ. 'ಇಂಥವನು ಬಿನ್ ಇಂಥವನು', ಅಂದ್ರೆ ಇಂಥವನ ಮಗ ಅಂತ ಬರೆದಿರೋದ್ರಿಂದ ಒಂದು ತಲೆಮಾರು ಹಿಂದಕ್ಕೆ ಪುಕ್ಕಟೆ ಸಿಗತ್ತೆ. ಆದ್ರೆ ಮೊಮ್ಮಗನಿಗೆ ತಾತನ ಹೆಸರೇ ಇಡೋ ಪದ್ಧತಿ ನೋಡಿ, ನಾನು ಮುತ್ತಾತನ ತಾತನನ್ನೇ ಮುತ್ತಾತ ಅನ್ಕೊಂಡಿದ್ದೆ!

ತಾಲ್ಲೂಕಿನ ಗ್ರಾಮಗಳ ಪಟ್ಟಿಯಲ್ಲಿ ಬೇಚರಾಕ್ (ಜನ ವಾಸ ಇಲ್ಲದ) ಗ್ರಾಮ ಅಂತಿದ್ರೆ ಬಿಡಬೇಡಿ. ಜನ ಖಾಲಿಯಾದ್ರೂ ಸರ್ವೆ ನಂಬರ್ ಉಳಿದಿರತ್ತೆ. ಹೆಸರಿನ ಕೊನೇಲಿ ಹಟ್ಟಿ, ರೊಪ್ಪ (ಕುರಿ ಕೂಡೋ ದೊಡ್ಡಿ) ಅಂತಿರೋ ಜಾಗಗಳನ್ನೂ ಗುರುತು ಹಾಕ್ಕೊಳ್ಳಿ.

ನಮಗೆ ಕೊನೆಗೆ ಸಿಕ್ಕಿದ್ದು ಕಲ್ಲು ಪೇರಿಸಿದ ರೊಪ್ಪದ ಗೋಡೆ, ತಂಗಡಿ ಗಿಡದ ಬುಡದಲ್ಲಿ ಅರ್ಧ ಹೂತ ಒರಳು. ಬೇಸಿಗೇಲಿ ಹೋಗಿ, ಮಳೆಗಾಲದಲ್ಲಿ ಪೊದೆ ಬೆಳೆದು ಏನೂ ಕಾಣಲ್ಲ.