ಬ್ಯಾರಕ್‌ನಲ್ಲಿ ಮೊದಲ ಪಾಳಿ: ಕೀ ಗೊಂಚಲು, ತಲೆ ಎಣಿಕೆ ಮತ್ತು ‘ಆಗಲ್ಲ’ ಎನ್ನುವ ಮಾತು

ಪರೀಕ್ಷೆ ಪಾಸಾಗಿ, ತರಬೇತಿ ಮುಗಿಸಿ, ಗರಿಗರಿ ಸಮವಸ್ತ್ರದಲ್ಲಿ ಜೈಲಿನ ಗೇಟು ದಾಟಿದವರಿಗೆ ಅರ್ಧ ಗಂಟೆಯೊಳಗೆ ಒಂದು ಲೆಕ್ಕ ಹೊಳೆಯುತ್ತದೆ. ನೀವು ಒಬ್ಬರು, ಎದುರಿಗೆ ಹತ್ತಾರು ಕೈದಿಗಳು. ಅವರೆಲ್ಲ ಒಟ್ಟಾಗಿ ಮನಸ್ಸು ಮಾಡಿದರೆ ಲಾಠಿಯಿಂದ ಏನೂ ಆಗುವುದಿಲ್ಲ. ಹಾಗಿದ್ದೂ ಹೆಚ್ಚಿನ ದಿನ ಬ್ಯಾರಕ್ ನೆಟ್ಟಗೆ ನಡೆಯುತ್ತದೆ. ಅದನ್ನು ನಡೆಸುವುದು ನಿಮ್ಮ ಮಾತಿಗಿರುವ ಬೆಲೆ. ಹೊಸಬರು ಗಳಿಸಿಕೊಳ್ಳಬೇಕಾದದ್ದು ಅದನ್ನೇ, ಅದೂ ದಿನದ ಸಣ್ಣಪುಟ್ಟ ಕೆಲಸಗಳಲ್ಲಿ.

ಮೊದಲು ಚಾರ್ಜ್ ತೆಗೆದುಕೊಳ್ಳಿ

ಪಾಳಿಗೆ ಸ್ವಲ್ಪ ಮುಂಚೆಯೇ ಹೋಗಿ. ಹಿಂದಿನ ಪಾಳಿಯ ಪುಸ್ತಕ ಓದಿ, ಅದರಲ್ಲಿ ಬರೆಯದ್ದನ್ನು ಬಾಯಿಬಿಟ್ಟು ಕೇಳಿ. ಇವತ್ತು ಯಾರಿಗೆ ಶಿಕ್ಷೆ ಪ್ರಕಟವಾಯಿತು? ಯಾರ ಮನೆಯಿಂದ ಕೆಟ್ಟ ಸುದ್ದಿ ಬಂತು? ಊಟ ಬಿಟ್ಟವರು ಯಾರು? ಹೊಸದಾಗಿ ಬಂದವರು ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಜೈಲಿಗೆ ಬಂದ ಮೊದಲ ಕೆಲವು ದಿನಗಳಲ್ಲಿ ಜೀವ ತೆಗೆದುಕೊಳ್ಳುವ ಅಪಾಯ ಹೆಚ್ಚು.

ಕೀ ಗೊಂಚಲನ್ನು ಎಣಿಸಿಯೇ ಸಹಿ ಹಾಕಿ. ಕೈದಿಗಳ ಎದುರು ಅದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುವುದು ಬೇಡ. ಕೀಯ ಹಲ್ಲುಗಳನ್ನು ಕಣ್ಣಲ್ಲೇ ಅಳೆದು ನಕಲು ಕೆತ್ತಬಲ್ಲವರು ಒಳಗಿರುತ್ತಾರೆ.

ಉಸಿರು ಕಂಡರೆ ಮಾತ್ರ ಒಂದು ತಲೆ

ಎಣಿಕೆ ಬೇಸರದ ಕೆಲಸ. ದಿನಕ್ಕೆ ಹಲವು ಸಲ ಅದೇ ಮುಖ, ಅದೇ ಸಂಖ್ಯೆ. ಆದರೆ 1962ರ ಜೂನ್‌ನಲ್ಲಿ ಅಮೆರಿಕದ ಆಲ್ಕಟ್ರಾಜ್ ದ್ವೀಪದ ಜೈಲಿನಲ್ಲಿ ಆದದ್ದು ನೆನಪಿರಲಿ. ಫ್ರಾಂಕ್ ಮೋರಿಸ್ ಮತ್ತು ಆಂಗ್ಲಿನ್ ಸಹೋದರರು ಹಾಸಿಗೆಯಲ್ಲಿ ನಕಲಿ ತಲೆಗಳನ್ನಿಟ್ಟು ರಾತ್ರಿಯೇ ಜಾಗ ಖಾಲಿ ಮಾಡಿದ್ದರು. ಆ ತಲೆಗಳಿಗೆ ನಿಜವಾದ ಕೂದಲು ಅಂಟಿಸಿ, ಬಣ್ಣ ಬಳಿದಿದ್ದರು. ಕಾವಲಿನವರಿಗೆ ರಾತ್ರಿಯಿಡೀ ಲೆಕ್ಕ ಸರಿಯಾಗಿಯೇ ಕಂಡಿತು, ಮೋಸ ಗೊತ್ತಾದದ್ದು ಬೆಳಿಗ್ಗೆ.

ಆದ್ದರಿಂದ ಕಂಬಳಿಯನ್ನು ಎಣಿಸಬೇಡಿ. ಚರ್ಮ ಕಾಣಬೇಕು, ಎದೆ ಏರಿಳಿಯುವುದು ಕಾಣಬೇಕು. ಕಾಣದಿದ್ದರೆ ಎಬ್ಬಿಸಿ, ಬೈದರೆ ಬೈಸಿಕೊಳ್ಳಿ. ಪರಾರಿ ತಡೆಯುವುದಕ್ಕಷ್ಟೇ ಅಲ್ಲ, ಮಲಗಿದವನು ಬದುಕಿದ್ದಾನೆಯೇ ಎಂದು ತಿಳಿಯುವುದಕ್ಕೂ ಇದೇ ದಾರಿ. ಲೆಕ್ಕ ತಪ್ಪಿದರೆ ಮೊದಲಿನಿಂದ ಎಣಿಸಿ. ಅಂದಾಜಿನಲ್ಲಿ ಸಂಖ್ಯೆ ಹೊಂದಿಸುವ ಚಾಳಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ತಪಾಸಣೆ

ಸೆಲ್ಲು ಹುಡುಕುವಾಗ ಒಂದು ಮೂಲೆಯಿಂದ ಶುರುಮಾಡಿ ಅಲ್ಲಿಗೇ ಬಂದು ಮುಗಿಸಿ. ಹಾಸಿಗೆಯ ಹೊಲಿಗೆ, ನೀರಿನ ಕೊಳವೆಯ ಹಿಂಬದಿ, ಚಪ್ಪಲಿಯ ಅಟ್ಟೆ ನೋಡಿ. ಮುಗಿದ ಮೇಲೆ ಮಗುವಿನ ಫೋಟೊ, ಕಾಗದಪತ್ರ, ದೇವರ ಪಟ ಇದ್ದಲ್ಲೇ ಇಡಿ. ಚೆಲ್ಲಾಪಿಲ್ಲಿ ಮಾಡಿ ಹೊರಬಂದರೆ ಸಂಜೆ ಬ್ಯಾರಕ್‌ನ ಗಾಳಿಯೇ ಬೇರೆ. ಬಟ್ಟೆ ಬಿಚ್ಚಿಸಿ ನೋಡುವುದು ತೀರಾ ಅಗತ್ಯವಿದ್ದರೆ ಮಾತ್ರ, ಮರೆಯಲ್ಲಿ ಮಾತ್ರ, ಅದೇ ಲಿಂಗದ ಸಿಬ್ಬಂದಿಯಿಂದ ಮಾತ್ರ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಅವಕ್ಕೆ ಹೆಸರು ಬಂದದ್ದು 27 ವರ್ಷ ಕೈದಿಯಾಗಿದ್ದ ನೆಲ್ಸನ್ ಮಂಡೇಲಾ ಅವರಿಂದ.

ಒಂದು ಸಣ್ಣ ಉಪಕಾರ

ಹೊಸಬರು ಎಡವುವುದು ಹೊಡೆದಾಟದಲ್ಲಲ್ಲ, ಇಲ್ಲಿ. ‘ಸಾರ್, ಈ ಚೀಟಿ ಪಕ್ಕದ ಬ್ಲಾಕಿಗೆ ಕೊಡ್ತೀರಾ?’ ಚೀಟಿಯಲ್ಲಿ ಏನೂ ಇರುವುದಿಲ್ಲ. ಮುಂದಿನ ವಾರ ಒಂದು ಫೋನ್ ನಂಬರು. ಆಮೇಲೆ ಒಂದು ಪೊಟ್ಟಣ. ಅಷ್ಟು ಹೊತ್ತಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ, ಏಕೆಂದರೆ ಮೊದಲ ಚೀಟಿಯ ಸಾಕ್ಷಿ ಅವರ ಬಳಿ ಇದೆ.

ಇನ್ನೊಂದು ಬಗೆಯ ಸೋಲು ಮೆಲ್ಲಗೆ ಬರುತ್ತದೆ. ಸಮಾಜಶಾಸ್ತ್ರಜ್ಞ ಗ್ರೆಶಮ್ ಸೈಕ್ಸ್ 1950ರ ದಶಕದಲ್ಲಿ ನ್ಯೂಜೆರ್ಸಿಯ ಜೈಲೊಂದರಲ್ಲಿ ಇದನ್ನು ಗುರುತಿಸಿದರು. ಬ್ಲಾಕ್ ಶಾಂತವಾಗಿರಲಿ ಎಂದು ಕಾವಲಿನವರು ಸಣ್ಣ ತಪ್ಪುಗಳಿಗೆ ಕಣ್ಣುಮುಚ್ಚುತ್ತಾರೆ. ಮುಚ್ಚುತ್ತಾ ಹೋದಂತೆ ಅಧಿಕಾರ ಅವರ ಕೈಯಿಂದ ಜಾರಿ ಕೈದಿಗಳ ಪೈಕಿ ಬಲಶಾಲಿಗಳ ಕೈ ಸೇರುತ್ತದೆ.

ಹಾಗೆಂದು ಮುಖ ಗಂಟಿಕ್ಕಿಕೊಂಡು ನಿಲ್ಲುವುದೂ ಉತ್ತರವಲ್ಲ. ಕೊಡಬೇಕಾದದ್ದನ್ನು, ಅಂದರೆ ಡಾಕ್ಟರ ಸರದಿ, ಅರ್ಜಿ ನಮೂನೆ, ಭೇಟಿಯ ಸಮಯ, ಕೇಳಿದ ತಕ್ಷಣ ಕೊಡಿ. ಕೊಡಬಾರದ್ದಕ್ಕೆ ‘ಆಗಲ್ಲ’ ಎಂದು ನೇರವಾಗಿ ಹೇಳಿ. ಕೈದಿಗೆ ಹೆಚ್ಚು ಸಿಟ್ಟು ತರಿಸುವುದು ‘ಆಗಲ್ಲ’ ಅಲ್ಲ, ‘ನೋಡೋಣ’. ‘ವಿಚಾರಿಸಿ ಹೇಳ್ತೀನಿ’ ಎಂದಿದ್ದರೆ ಉತ್ತರ ಇಲ್ಲದಿದ್ದರೂ ಸಂಜೆ ಹೋಗಿ ‘ಇನ್ನೂ ತಿಳಿದಿಲ್ಲ’ ಎಂದಾದರೂ ಹೇಳಿ ಬನ್ನಿ.

ಹೀಗೆ ಓಡಾಡಿ ಮಾತಾಡಿಸುವವರಿಗೇ ಕ್ಯಾಮೆರಾಕ್ಕೆ ಕಾಣದ್ದು ಕಾಣುತ್ತದೆ. ಸದಾ ಗದ್ದಲದ ಬ್ಯಾರಕ್ ತಣ್ಣಗಾಗಿದ್ದರೆ, ಊಟದ ಸಾಲಿನಲ್ಲಿ ಇಬ್ಬರ ಸುತ್ತ ಜಾಗ ಖಾಲಿಯಾಗಿದ್ದರೆ, ಒಬ್ಬ ತನ್ನ ಸಾಮಾನುಗಳನ್ನೆಲ್ಲ ಹಂಚಿಬಿಡುತ್ತಿದ್ದರೆ, ಮೇಲಿನವರಿಗೆ ಆಗಲೇ ತಿಳಿಸಿ.

ಬಲಪ್ರಯೋಗ

ಇದು ಆತ್ಮರಕ್ಷಣೆಗೆ, ಪರಾರಿ ತಡೆಗೆ, ಕಾನೂನುಬದ್ಧ ಆದೇಶವನ್ನು ಮೈಯಿಂದ ಪ್ರತಿರೋಧಿಸಿದಾಗ ಮಾತ್ರ, ಅದೂ ಬೇಕಾದಷ್ಟೇ. ಮೊದಲು ಸಹಾಯಕ್ಕೆ ಕರೆಯಿರಿ, ಒಬ್ಬರೇ ನುಗ್ಗಬೇಡಿ. ನೆಲಕ್ಕೆ ಕೆಡವಿದವನ ಬೆನ್ನ ಮೇಲೆ ಭಾರ ಹಾಕಿ ಕೂರಬೇಡಿ, ಉಸಿರುಗಟ್ಟಿ ಸಾಯಬಹುದು. ‘ಉಸಿರಾಡಲಾಗ್ತಿಲ್ಲ’ ಎಂದರೆ ನಾಟಕ ಎನ್ನಬೇಡಿ. ಕೈಗೆ ಕೋಳ ಬಿದ್ದ ಮೇಲೆ ಕೊಡುವ ಒಂದೇಟೂ ಅಪರಾಧವೇ. ಏಕಾಂತ ಸೆಲ್ಲಿಗೂ ಮಿತಿ ಇದೆ: ದಿನಕ್ಕೆ 22 ಗಂಟೆಯೋ ಅದಕ್ಕಿಂತ ಹೆಚ್ಚೋ ಜನಸಂಪರ್ಕವಿಲ್ಲದೆ ಇಡುವುದು ಸತತ 15 ದಿನ ಮೀರಕೂಡದು ಎನ್ನುತ್ತವೆ ಅವೇ ಮಂಡೇಲಾ ನಿಯಮಗಳು.

ಬರೆದು ಹೊರಡಿ

ವರದಿಯನ್ನು ಅದೇ ಪಾಳಿಯಲ್ಲಿ ಬರೆಯಿರಿ. ‘ಕೈದಿ ಉದ್ಧಟತನ ತೋರಿದ’ ಎಂದರೆ ಯಾರಿಗೂ ಏನೂ ತಿಳಿಯದು. ಎಷ್ಟು ಗಂಟೆಗೆ, ಎಲ್ಲಿ, ಯಾವ ಮಾತು, ಯಾವ ಕೈಯಲ್ಲಿ ಏನಿತ್ತು, ನೀವು ಏನು ಮಾಡಿದಿರಿ ಎಂದಿರಲಿ. ಜೊತೆಗಿದ್ದವರ ವರದಿ ನೋಡಿ ನಿಮ್ಮದನ್ನು ಹೊಂದಿಸಬೇಡಿ. ಪದಕ್ಕೆ ಪದ ಹೊಂದುವ ಎರಡು ವರದಿಗಳನ್ನು ಯಾವ ವಿಚಾರಣಾಧಿಕಾರಿಯೂ ನಂಬುವುದಿಲ್ಲ.

ಇಷ್ಟಾದ ಮೇಲೆ ಗೊಂಚಲು ಒಪ್ಪಿಸಿ, ಮುಂದಿನ ಪಾಳಿಯವರು ಕೀ ಎಣಿಸುವವರೆಗೆ ನಿಂತಿರಿ. ಅರ್ಧ ದಾರಿಯಲ್ಲಿ ಜೇಬಿನೊಳಗೆ ಕೀಯೊಂದು ಕೈಗೆ ತಗುಲಿದರೆ ನಾಳೆ ಕೊಟ್ಟರಾಯಿತು ಎನ್ನಬೇಡಿ. ಆಗಲೇ ಫೋನ್ ಮಾಡಿ ತಿಳಿಸಿ, ವಾಪಸ್ ತಿರುಗಿ.