ಕುಷ್ಟಗಿಯ ಹಟ್ಟಿಗಳಲ್ಲಿ ಕಂದು ರೋಗದ ಜಾಡು

ಕುರಿಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಎಷ್ಟು ಹಬ್ಬಿದೆ ಎಂದು ತಿಳಿಯಲು ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹಟ್ಟಿಗಳಲ್ಲಿ ರಕ್ತದ ಮಾದರಿ ತೆಗೆದೆ. ಕತ್ತಿನ ನರಕ್ಕೆ ಸೂಜಿ ಹಾಕುವುದು ಅಭ್ಯಾಸದ ಕೆಲಸ. ಯಾವ ಕುರಿಗೆ ಹಾಕಬೇಕು ಎಂಬುದರಲ್ಲೇ ಸಮೀಕ್ಷೆಯ ಬೆಲೆ ಇದೆ.

ಪಶುವೈದ್ಯರನ್ನು ಕಂಡೊಡನೆ ಕುರಿಗಾಹಿಗಳು ಬಡಕಲು ಕುರಿಯನ್ನೇ ಹಿಡಿದು ತರುತ್ತಾರೆ. "ಡಾಕ್ಟರೇ, ಇದು ಮೊನ್ನೆ ಕಂದು ಹಾಕಿತು, ಮೊದಲು ಇದನ್ನು ನೋಡಿ" ಎನ್ನುತ್ತಾರೆ. ಅವರ ಸಂಕಟ ನಿಜ, ನೋಡಲೇಬೇಕು. ಆದರೆ ಅಂಥವನ್ನಷ್ಟೇ ಎಣಿಸಿದರೆ ಇಡೀ ತಾಲ್ಲೂಕೇ ರೋಗದ ಗೂಡಾಗಿ ಕಾಣುತ್ತದೆ. ಹಾಗಾಗಿ ಮೇಯಲು ಬಿಡುವ ಮುಂಚೆಯೇ ಹಟ್ಟಿ ತಲುಪಿ, ದೊಡ್ಡಿಯ ಬಾಗಿಲಲ್ಲಿ ನಿಂತು, ಸಾಲಾಗಿ ಹೊರಬರುವ ಕುರಿಗಳಲ್ಲಿ ಇಂತಿಷ್ಟಕ್ಕೊಂದರಂತೆ ಹಿಡಿಸುತ್ತಿದ್ದೆ. ಟಗರುಗಳನ್ನು ಮಾತ್ರ ಒಂದೂ ಬಿಡದೆ ಪರೀಕ್ಷಿಸಿ, ಲೆಕ್ಕ ಬೇರೆ ಇಟ್ಟೆ. ಹಟ್ಟಿಯಿಂದ ಹಟ್ಟಿಗೆ ಓಡಾಡುವ ಪ್ರಾಣಿ ಅದು.

ರಕ್ತದ ತಿಳಿಯಾದ ಸೀರಮ್ ಬೇರ್ಪಡಿಸಿ ಐಸ್ ಪೆಟ್ಟಿಗೆಯಲ್ಲಿ ತಂದು, ಅದಕ್ಕೆ ಬಣ್ಣ ಹಚ್ಚಿದ ಸತ್ತ ರೋಗಾಣುಗಳ ದ್ರಾವಣ (ಆ್ಯಂಟಿಜನ್) ಬೆರೆಸಿ ನೋಡುವ ರೋಸ್ ಬೆಂಗಾಲ್ ಪರೀಕ್ಷೆ ಮಾಡುತ್ತಿದ್ದೆ. ದನಗಳಿಗೆ ಸೀರಮ್ ಮತ್ತು ಆ್ಯಂಟಿಜನ್ ಸಮಸಮ ಸಾಕು. ಕುರಿಗೆ 25 ಮೈಕ್ರೋಲೀಟರ್ ಆ್ಯಂಟಿಜನ್‌ಗೆ 75 ಮೈಕ್ರೋಲೀಟರ್ ಸೀರಮ್ ಹಾಕಬೇಕು, ಇಲ್ಲವಾದರೆ ಸೋಂಕು ತಗುಲಿದ ಕೆಲವು ಕುರಿಗಳು ತಪ್ಪಿಸಿಕೊಳ್ಳುತ್ತವೆ. ತಟ್ಟೆಯನ್ನು 4 ನಿಮಿಷ ಮೆಲ್ಲಗೆ ಅಲುಗಾಡಿಸುತ್ತಾ ಬೆಳಕಿಗೆ ಹಿಡಿದರೆ, ಸೋಂಕು ತಗುಲಿದ ಕುರಿಯದಾದರೆ ನುಣುಪಾಗಿದ್ದ ಗುಲಾಬಿ ಹನಿಯ ಅಂಚಿನಲ್ಲಿ ರವೆಯಂತೆ ಕಾಳುಗಟ್ಟುವುದು ಕಾಣುತ್ತದೆ. ಬೇರೆ ಬ್ಯಾಕ್ಟೀರಿಯಾಗಳೂ, ಮುಖ್ಯವಾಗಿ ಯೆರ್ಸಿನಿಯಾ, ಇಂಥದೇ ಪ್ರತಿಕ್ರಿಯೆ ಕೊಡಬಲ್ಲವು. ಆದ್ದರಿಂದ ಕಾಳುಗಟ್ಟಿದವನ್ನು ಎಲಿಸಾ ಎಂಬ ಇನ್ನೊಂದು ಬಗೆಯ ರಕ್ತ ಪರೀಕ್ಷೆಗೂ ಕಳುಹಿಸಿದೆ.

ಸರ್ಕಾರದ ಕಾರ್ಯಕ್ರಮದಲ್ಲಿ ಈ ರೋಗದ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ. ಲಸಿಕೆಯನ್ನೇ ಕಾಣದ ಕುರಿಯ ರಕ್ತದಲ್ಲಿ ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ವಸ್ತು, ಸಿಕ್ಕರೆ, ರೋಗಾಣು ಎಂದೋ ಒಮ್ಮೆ ಅದರ ಮೈ ಸೇರಿತ್ತು ಎಂದರ್ಥ. ಈಗಲೂ ಒಳಗಿದೆಯೇ ಎಂಬುದನ್ನು ಆ ಫಲಿತಾಂಶ ಹೇಳುವುದಿಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ಮಾಲೀಕರು ಗಾಬರಿಯಿಂದ ಕುರಿಯನ್ನು ಸಂತೆಗೆ ಹೊಡೆಯುತ್ತಾರೆ, ಸೋಂಕು ಇನ್ನೊಬ್ಬರ ಹಟ್ಟಿ ಸೇರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಮನುಷ್ಯರ ಆರೋಗ್ಯ, ಈ ರೋಗ ಕುರಿಯಿಂದ ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಮರಿ ಎಳೆಯುತ್ತಾರೆ, ಮಾಸನ್ನು ನಾಯಿಗೆ ಎಸೆಯುತ್ತಾರೆ. ಕೈಗವಸು ಹಾಕಿ, ಮಾಸನ್ನು ಸುಣ್ಣದೊಂದಿಗೆ ಆಳವಾಗಿ ಹೂಳಿ, ಹಾಲು ಕಾಯಿಸಿಯೇ ಕುಡಿಯಿರಿ ಎಂದು ಪ್ರತಿ ಹಟ್ಟಿಯಲ್ಲೂ ಹೇಳಿದೆ. ಬಂದು ಹೋಗುವ ಜ್ವರ, ಕೀಲುನೋವು, ರಾತ್ರಿ ಬೆವರು ಇದ್ದವರು ಆಸ್ಪತ್ರೆಗೆ ಹೋದಾಗ "ನಾನು ಕುರಿ ಸಾಕುತ್ತೇನೆ" ಎಂದು ಮೊದಲೇ ತಿಳಿಸಬೇಕು. ಆಗ ವೈದ್ಯರು ಟೈಫಾಯ್ಡ್, ಮಲೇರಿಯಾದ ಜೊತೆಗೆ ಇದಕ್ಕೂ ರಕ್ತ ಪರೀಕ್ಷೆ ಮಾಡಿಸುತ್ತಾರೆ.