ನಿಮ್ಮ ಮಕ್ಕಳ ಶಾಲೆಯನ್ನ ಅಕಾಡೆಮಿ ಮಾಡ್ತಾರಂತಾ? ಮೊದಲು ಪೆನ್ನು ಯಾರ ಕೈಲಿದೆ ನೋಡಿ

ಇಂಗ್ಲೆಂಡಲ್ಲಿರೋ ನಮ್ಮವರು ಯಾರಾದ್ರೂ ಫೋನ್ ಮಾಡಿ "ನಮ್ಮ ಮಕ್ಕಳ ಸ್ಕೂಲನ್ನ ಅಕಾಡೆಮಿ ಮಾಡ್ತಿದಾರೆ, ಪಿಟಿಷನ್ ಹಾಕಿದೀವಿ, ನೀವೂ ಒಂದು ಸೈನ್ ಮಾಡಿ" ಅಂದ್ರೆ ನಾನು ಕೇಳೋ ಮೊದಲ ಪ್ರಶ್ನೆ, ಪಿಟಿಷನ್ ಯಾರ ಹೆಸರಿಗೆ ಬರ್ದಿದೀರಿ ಅಂತ. ಸಾಮಾನ್ಯವಾಗಿ ಉತ್ತರ "ಕೌನ್ಸಿಲ್‌ಗೆ", ಅಂದ್ರೆ ಊರಿನ ಸ್ಥಳೀಯ ಆಡಳಿತಕ್ಕೆ. ಕೆಲಸ ಕೆಡೋದು ಅಲ್ಲೇ. ಈ ವಿಷಯದಲ್ಲಿ ಕೊನೆ ಮಾತು ಕೌನ್ಸಿಲ್‌ದಲ್ಲ, ಎಷ್ಟೋ ಕಡೆ ಪಾಪ ಅವರಿಗೇ ಇದು ಇಷ್ಟ ಇರಲ್ಲ. ನಮ್ಮ ಮಗಳ ಶಾಲೆಯಲ್ಲಿ ನಾವೂ ಇದೇ ತಪ್ಪು ಮಾಡಿ ಆರು ವಾರ ದಂಡ ಮಾಡ್ಕೊಂಡ್ವಿ, ಆಮೇಲೆ ಬೇರೆಯವರೂ ಹಾಗೇ ಮಾಡೋದನ್ನ ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಕೌನ್ಸಿಲ್ ಕೆಳಗಿರೋ ಶಾಲೆಗೆ ತನ್ನದೇ ಆದ ಗವರ್ನಿಂಗ್ ಬಾಡಿ (ಆಡಳಿತ ಮಂಡಳಿ) ಇರುತ್ತೆ, ಅದರಲ್ಲಿ ಪೋಷಕರೇ ಆರಿಸಿದ ಪೇರೆಂಟ್ ಗವರ್ನರ್‌ಗಳು ಕನಿಷ್ಠ ಇಬ್ಬರು ಇರ್ತಾರೆ. ಅಕಾಡೆಮಿ ಆಯ್ತು ಅಂದ್ರೆ ಶಾಲೆ ಕೌನ್ಸಿಲ್ ಕೈಬಿಟ್ಟು ಒಂದು ಟ್ರಸ್ಟ್ ಕೈಗೆ ಹೋಗುತ್ತೆ, ದುಡ್ಡು ನೇರ ಕೇಂದ್ರ ಸರ್ಕಾರದಿಂದ, ಕೌನ್ಸಿಲ್ ಜಾಗವಾದ್ರೆ ಸಾಮಾನ್ಯವಾಗಿ 125 ವರ್ಷದ ಲೀಸ್ ಮೇಲೆ ಟ್ರಸ್ಟಿಗೆ. ಹತ್ತಿಪ್ಪತ್ತು ಶಾಲೆ ಇಟ್ಕೊಂಡಿರೋ ಟ್ರಸ್ಟ್ ಆದ್ರೆ ನಿಮ್ಮ ಶಾಲೆಯಲ್ಲಿ ಉಳಿಯೋ ಲೋಕಲ್ ಬೋರ್ಡಿಗೆ ಟ್ರಸ್ಟ್ ಎಷ್ಟು ಅಧಿಕಾರ ಕೊಡುತ್ತೋ ಅಷ್ಟೇ. ಅಕಾಡೆಮಿ ಆದ್ರೆ ಶಾಲೆ ಕೆಟ್ಟೇ ಹೋಗುತ್ತೆ ಅಂತ ನಾನೇನೂ ಹೇಳ್ತಿಲ್ಲ, ಚೆನ್ನಾಗಿ ನಡೆಯೋವೂ ಇವೆ. ಆದ್ರೆ ಒಂದ್ಸಲ ಹೋದ್ಮೇಲೆ ಕೌನ್ಸಿಲ್‌ಗೆ ವಾಪಸ್ ತರೋಕೆ ಪೋಷಕರ ಕೈಲಿ ಯಾವ ದಾರಿನೂ ಇಲ್ಲ, ಅದಕ್ಕೇ ಮೊದಲೇ ಓಡಾಡ್ಬೇಕು.

1. ಪತ್ರ ಓದಿ, ಯಾವ ಥರದ ಬಲವಂತ ಅಂತ ತಿಳ್ಕೊಳ್ಳಿ

ಶಾಲೆಯಿಂದ ಬಂದ ಪತ್ರದಲ್ಲಿ "ಅಕಾಡೆಮಿ ಆರ್ಡರ್" ಅನ್ನೋ ಪದ ಇದೆಯಾ ನೋಡಿ, ಅಂದ್ರೆ ಶಾಲೆಯನ್ನ ಅಕಾಡೆಮಿ ಮಾಡೋಕೆ ಶಿಕ್ಷಣ ಮಂತ್ರಿಗಳು ಹೊರಡಿಸೋ ಆದೇಶ. ಇದ್ರೆ ಅದು ಯಾವ ಕಾರಣಕ್ಕೆ, ಯಾವ ತಾರೀಖು ಅಂತ ಕೇಳಿ. 2010ರ ಅಕಾಡೆಮೀಸ್ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿ, ಆಫ್‌ಸ್ಟೆಡ್ (ಶಾಲೆಗಳನ್ನ ಪರೀಕ್ಷೆ ಮಾಡೋ ಸರ್ಕಾರಿ ಸಂಸ್ಥೆ) ತಪಾಸಣೆಯಲ್ಲಿ "ಇನ್‌ಅಡಿಕ್ವೇಟ್", ಅಂದ್ರೆ ತೀರಾ ಕಳಪೆ ಅನ್ನಿಸ್ಕೊಂಡ ಕೌನ್ಸಿಲ್ ಶಾಲೆಗೆ ಮಂತ್ರಿಗಳು ಆರ್ಡರ್ ಹಾಕ್ಲೇಬೇಕು ಅನ್ನೋ ನಿಯಮ ಬಂತು. ಅಂಥ ಆರ್ಡರ್ ಬಂದ್ರೆ ಗವರ್ನರ್‌ಗಳಿಗೂ ಆಯ್ಕೆ ಇಲ್ಲ, ಪೋಷಕರ ಅಭಿಪ್ರಾಯ ಕೇಳೋ ಕಡ್ಡಾಯನೂ ಇಲ್ಲ, ಟ್ರಸ್ಟ್ ತನ್ನ ಯೋಜನೆ ಏನು ಅಂತ ಪೋಷಕರಿಗೆ ತಿಳಿಸಿದ್ರೆ ಸಾಕು. ಪೆನ್ನು ಮಂತ್ರಿಗಳ ಕೈಲಿ, ಆರ್ಡರ್ ರದ್ದು ಮಾಡೋ ಅಧಿಕಾರನೂ ಅವರದ್ದೇ. 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂದ ಮಸೂದೆಯಲ್ಲಿ ಈ "ಹಾಕ್ಲೇಬೇಕು" ಅನ್ನೋದನ್ನ "ಹಾಕಬಹುದು" ಅಂತ ಮಾಡೋ ಪ್ರಸ್ತಾಪ ಇಟ್ರು, ಹಾಗಾಗಿ ನಿಮ್ಮ ಆರ್ಡರಿನ ತಾರೀಖಿಗೆ ಯಾವ ಕಾನೂನು ಜಾರಿಯಲ್ಲಿತ್ತೋ ಅದನ್ನೇ ಹಿಡ್ಕೊಂಡು ಮಾತಾಡಿ, ಹಳೇ ಫೇಸ್‌ಬುಕ್ ಪೋಸ್ಟ್ ನಂಬ್ಕೊಂಡು ಹೋಗ್ಬೇಡಿ.

ಇನ್ನೊಂದು ಥರ ಇದೆ, ಜನ ಮೋಸ ಹೋಗೋದು ಇದರಲ್ಲೇ. ಆರ್ಡರ್ ಬಂದೇ ಇರಲ್ಲ. ಯಾರೋ ಅಧಿಕಾರಿ ಬಂದು "ನೀವಾಗೇ ಹೋದ್ರೆ ಟ್ರಸ್ಟ್ ಆರಿಸ್ಕೋಬಹುದು, ಇಲ್ಲಾಂದ್ರೆ ನಾವೇ ತಳ್ತೀವಿ" ಅಂತ ಹೆಡ್ ಟೀಚರಿಗೆ ಹೇಳಿರ್ತಾರೆ, ಅವರು ಹೆದರಿ ಎಲ್ಲಾ ಮುಗಿದೇ ಹೋಯ್ತು ಅನ್ನೋ ಹಾಗೆ ಪೋಷಕರಿಗೆ ಪತ್ರ ಬರೀತಾರೆ. ಕಾನೂನಿನ ಲೆಕ್ಕದಲ್ಲಿ ಇದು ಬಲವಂತ ಅಲ್ವೇ ಅಲ್ಲ, ಗವರ್ನರ್‌ಗಳು ವೋಟ್ ಹಾಕಿದ್ರೇನೇ ಆಗೋದು. ಪೆನ್ನು ಅವರ ಕೈಲಿದೆ. ನಮ್ಮದೂ ಇದೇ ಕೇಸು, ನಮಗೆ ತಿಳೀಲಿಲ್ಲ, ಕೌನ್ಸಿಲ್ ಆಫೀಸ್ ಮುಂದೆ ಮಳೇಲಿ ನಿಂತಿದ್ವಿ.

2. ಕಾಗದಪತ್ರ ತರಿಸಿ

ಎಫ್‌ಒಐ ಅರ್ಜಿ ಹಾಕಿ, ನಮ್ಮ ಆರ್‌ಟಿಐ ಥರದ್ದೇ. ಶಿಕ್ಷಣ ಇಲಾಖೆ, ಕೌನ್ಸಿಲ್ ಎರಡೂ 20 ಕೆಲಸದ ದಿನದಲ್ಲಿ ಉತ್ತರ ಕೊಡ್ಬೇಕು, ಶಾಲೆಗೆ ಹಾಕಿದ್ರೆ ರಜೆ ದಿನ ಲೆಕ್ಕಕ್ಕಿಲ್ಲ, ಅದಕ್ಕೇ ಬೇಸಿಗೆ ರಜೆ ಹತ್ರ ಬಂದಾಗ ಶಾಲೆಗಿಂತ ಇಲಾಖೆಗೆ ಹಾಕೋದು ವಾಸಿ. "ಎಲ್ಲಾ ದಾಖಲೆ ಕೊಡಿ" ಅಂತ ಬರೀಬೇಡಿ, ಖರ್ಚು ಜಾಸ್ತಿ ಅಂತ ತಳ್ಳಿಹಾಕ್ತಾರೆ. ಇಂಥ ತಾರೀಖಿಂದ ಇಂಥ ತಾರೀಖಿನವರೆಗೆ ಹೆಡ್ ಟೀಚರ್‌ಗೂ ಇಲಾಖೆಗೂ ಮಧ್ಯೆ ಈ ಟ್ರಸ್ಟ್ ಬಗ್ಗೆ ಹೋದ ಬಂದ ಇಮೇಲ್, ಅಷ್ಟೇ ಕೇಳಿ. ಟ್ರಸ್ಟಿನ ಲೆಕ್ಕಪತ್ರ ಕಂಪನೀಸ್ ಹೌಸ್ (ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿ) ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ, ಅದಕ್ಕೆ ದುಡ್ಡು ಕೇಳೋ ಸೈಟುಗಳ ಕಡೆ ತಲೆ ಹಾಕ್ಬೇಡಿ.

3. ಗವರ್ನರ್‌ಗಳು

ಇದು ಕಷ್ಟದ ಹೆಜ್ಜೆ, ನಿಧಾನ ಓದಿ. ಆರ್ಡರ್ ಇಲ್ಲದ ಕೇಸಲ್ಲಿ ಗೆಲುವು ಸೋಲು ಎಲ್ಲಾ ಇಲ್ಲೇ.

ಮೊದಲು ಲೆಕ್ಕ ಹಾಕಿ. ಗವರ್ನಿಂಗ್ ಬಾಡಿಯಲ್ಲಿ ಈಗ ಎಷ್ಟು ಜನ ಇದಾರೆ, ಎಷ್ಟು ಸೀಟು ಖಾಲಿ. ಖಾಲಿ ಸೀಟು ಬಿಟ್ಟು ಇರೋರಲ್ಲಿ ಅರ್ಧ ಜನ ಬಂದ್ರೆ ಕೋರಂ ಆಯ್ತು, ಬಂದವರಲ್ಲಿ ಬಹುಮತ ಸಿಕ್ರೆ ನಿರ್ಣಯ ಆಯ್ತು, ವೋಟು ಸಮಸಮ ಆದ್ರೆ ಅಧ್ಯಕ್ಷರಿಗೆ ಇನ್ನೊಂದು ವೋಟು. ಅಂದ್ರೆ ಹತ್ತು ಜನ ಇದ್ದು ಐದೇ ಜನ ಬಂದ್ರೆ ಮೂರೇ ಮೂರು ಕೈ ಎತ್ತಿದ್ರೆ ಶಾಲೆ ಹೋಯ್ತು. ಪೇರೆಂಟ್ ಗವರ್ನರ್ ಸೀಟು ಖಾಲಿ ಇದ್ರೆ ಇವತ್ತೇ ಚುನಾವಣೆ ಮಾಡಿ ಅಂತ ಬರವಣಿಗೆಯಲ್ಲಿ ಕೇಳಿ, ಒಳ್ಳೇ ಮಾತಾಡೋರಿಗಿಂತ ಮೀಟಿಂಗಿಗೆ ತಪ್ಪದೇ ಹೋಗೋರನ್ನ ನಿಲ್ಲಿಸಿ.

ಆಮೇಲೆ ಮಿನಿಟ್ಸ್, ಅಂದ್ರೆ ಮೀಟಿಂಗಿನ ನಡಾವಳಿ. ಒಪ್ಪಿಗೆಯಾಗಿ ಸಹಿಯಾದ ಮಿನಿಟ್ಸನ್ನ ಯಾರು ಕೇಳಿದ್ರೂ ತೋರಿಸ್ಬೇಕು, ಗೋಪ್ಯ ಅಂತ ಗುರುತು ಹಾಕಿದ ಭಾಗ ಮಾತ್ರ ತಡೀಬಹುದು. ಹಿಂದಿನ ಎರಡು ವರ್ಷದ್ದು ಕೂತ್ಕೊಂಡು ಓದಿ. ಟ್ರಸ್ಟಿನ ಹೆಸರು ಮೊದಲ ಸಲ ಯಾವಾಗ ಬಂತು, ಬೇರೆ ಆಯ್ಕೆ ಏನಾದ್ರೂ ನೋಡಿದ್ರಾ, ಕೌನ್ಸಿಲ್ ಜೊತೇಲೇ ಉಳಿಯೋದರ ಬಗ್ಗೆ ಒಂದು ಪುಟವಾದ್ರೂ ಚರ್ಚೆ ಇದೆಯಾ. ನಮ್ಮಲ್ಲಿ ಇರ್ಲಿಲ್ಲ. ಅದೊಂದನ್ನೇ ಪ್ರಶ್ನೆ ಮಾಡಿದಾಗ ಅಲ್ಲೀವರೆಗೂ ಸುಮ್ಮನೆ ತಲೆ ಆಡಿಸ್ತಿದ್ದ ಒಬ್ಬ ಗವರ್ನರ್ "ಹೌದಲ್ವಾ, ಇದನ್ನ ನಾವು ಮಾತಾಡೇ ಇಲ್ಲ" ಅಂದ್ರು.

ಈಗ ಮುಖ್ಯ ವಿಷಯ, ಗವರ್ನರ್‌ಗಳ ಜೊತೆ ಜಗಳ ಆಡ್ಬೇಡಿ. ಅವರು ಸಂಬಳ ಇಲ್ಲದೆ ಸಂಜೆ ಹೊತ್ತು ಬಂದು ಕೂರೋ ಜನ, ಅರ್ಧಕ್ಕರ್ಧ ನಿಮ್ಮ ಥರ ಅಪ್ಪ ಅಮ್ಮಂದಿರೇ. ಗೇಟಲ್ಲಿ ಅಡ್ಡ ಹಾಕಿ ಬೈದ್ರೆ, ಗ್ರೂಪಲ್ಲಿ ಫೋಟೋ ಹಾಕಿ ಆಡ್ಕೊಂಡ್ರೆ ಮೊದಲು ರಾಜೀನಾಮೆ ಕೊಡೋರು ನಿಮ್ಮ ಕಡೆ ವಾಲ್ತಿದ್ದವರೇ, ಯಾಕಂದ್ರೆ ಗಟ್ಟಿ ಚರ್ಮದವರು ಏನೂ ಆಗ್ದಂಗೆ ಕೂತಿರ್ತಾರೆ. ಹೀಗೆ ಎರಡು ವೋಟು ತಮ್ಮ ಕೈಯಾರೆ ಕಳ್ಕೊಂಡ ಒಂದು ಗುಂಪನ್ನ ನಾನೇ ನೋಡಿದೀನಿ. ಇನ್ನೊಂದು, ಪೇರೆಂಟ್ ಗವರ್ನರ್ ನಿಮ್ಮ ಎಂಎಲ್‌ಎ ಅಲ್ಲ, ಪೋಷಕರು ಹೇಳಿದ ಹಾಗೆ ವೋಟ್ ಹಾಕೋ ಬಾಧ್ಯತೆ ಅವರಿಗಿಲ್ಲ. ಹಾಗಾಗಿ "ನಾವು ಆರಿಸಿದ್ದು, ನಮ್ಮ ಮಾತು ಕೇಳಿ" ಅನ್ನೋ ಬದಲು ಅವರು ಮೀಟಿಂಗಲ್ಲಿ ಓದಬಹುದಾದ ಐದು ಪ್ರಶ್ನೆ ಒಂದು ಹಾಳೆಯಲ್ಲಿ ಬರ್ದು ಕೈಗೆ ಕೊಡಿ. ಒಂದೇ ಹಾಳೆ, ಹದಿನಾಲ್ಕು ಪುಟ ಯಾರೂ ಓದಲ್ಲ. ಮೂವರು ಗವರ್ನರ್‌ಗಳು ಸೇರಿ ಲಿಖಿತವಾಗಿ ಕೇಳಿದ್ರೆ ಮೀಟಿಂಗ್ ಕರೀಲೇಬೇಕು, ಇದು ಅವರಲ್ಲೇ ಎಷ್ಟೋ ಜನಕ್ಕೆ ಗೊತ್ತಿರಲ್ಲ, ನೆನಪು ಮಾಡಿ.

ಒಂದು ಎಚ್ಚರಿಕೆ ಇದೆ. ಶಾಲೆಗೆ ಆಫ್‌ಸ್ಟೆಡ್ ಕೆಟ್ಟ ರಿಪೋರ್ಟ್ ಕೊಟ್ಟಿದ್ರೆ ಗವರ್ನಿಂಗ್ ಬಾಡಿಯನ್ನೇ ತೆಗೆದು ಮಧ್ಯಂತರ ಮಂಡಳಿ ಕೂರಿಸೋ ದಾರಿ ಮಂತ್ರಿಗಳಿಗಿದೆ. 2012ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್‌ನ ಡೌನ್‌ಹಿಲ್ಸ್ ಪ್ರೈಮರಿಯಲ್ಲಿ ಪೋಷಕರು ಅಷ್ಟು ದೊಡ್ಡ ಚಳವಳಿ ಮಾಡಿದ್ರೂ ಆಗಿನ ಮಂತ್ರಿ ಮೈಕೆಲ್ ಗೋವ್ ಗವರ್ನರ್‌ಗಳನ್ನ ತೆಗೆದು ಹೊಸ ಮಂಡಳಿ ತಂದ್ರು, ಅದೇ ಸೆಪ್ಟೆಂಬರ್‌ಗೆ ಶಾಲೆ ಹ್ಯಾರಿಸ್ ಟ್ರಸ್ಟಿಗೆ ಹೋಯ್ತು. ಹಾಗಂತ ಎಲ್ಲಾ ಕಡೆ ಸೋಲೇ ಅಂತಿಲ್ಲ, 2014ರಲ್ಲಿ ಬ್ರೈಟನ್ ಹತ್ರದ ಹೋವ್ ಪಾರ್ಕ್ ಶಾಲೆಯಲ್ಲಿ ಪೋಷಕರು ಪಟ್ಟು ಹಿಡಿದಾಗ ಗವರ್ನರ್‌ಗಳೇ ಅಕಾಡೆಮಿ ಬೇಡ ಅಂದ್ರು. ಹೋವ್ ಪಾರ್ಕಲ್ಲಿ ಪೆನ್ನು ಗವರ್ನರ್‌ಗಳ ಕೈಲಿತ್ತು, ಡೌನ್‌ಹಿಲ್ಸಲ್ಲಿ ಇರ್ಲಿಲ್ಲ.

4. ಕನ್ಸಲ್ಟೇಷನ್‌ಗೆ ಉತ್ತರ

ಶಾಲೆ ತಾನಾಗೇ ಅಕಾಡೆಮಿ ಆಗೋಕೆ ಹೊರಟಿದ್ರೆ ಅಭಿಪ್ರಾಯ ಕೇಳಲೇಬೇಕು. ಇಷ್ಟೇ ದಿನ ಅಂತ ಕಾನೂನಲ್ಲಿಲ್ಲ, ಆದ್ರೆ 1985ರ ಗನ್ನಿಂಗ್ ಕೇಸಿಂದ ಬಂದ ನಾಲ್ಕು ನಿಯಮ ಕೋರ್ಟ್‌ಗಳು ಇವತ್ತಿಗೂ ನೋಡ್ತವೆ: ನಿರ್ಧಾರ ಆಗೋ ಮೊದಲೇ ಕೇಳಿರ್ಬೇಕು, ಸಾಕಷ್ಟು ಮಾಹಿತಿ ಕೊಟ್ಟಿರ್ಬೇಕು, ಸಾಕಷ್ಟು ಸಮಯ ಕೊಟ್ಟಿರ್ಬೇಕು, ಬಂದ ಉತ್ತರಗಳನ್ನ ನಿಜವಾಗ್ಲೂ ಓದಿರ್ಬೇಕು. ನಿಮ್ಮ ಉತ್ತರ ಈ ನಾಲ್ಕರ ಸುತ್ತ ಇರ್ಲಿ. ಎಲ್ಲರೂ ಒಂದೇ ರೆಡಿಮೇಡ್ ಪತ್ರ ಕಾಪಿ ಪೇಸ್ಟ್ ಮಾಡಿದ್ರೆ ಇನ್ನೂರು ಉತ್ತರ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಇಂಗ್ಲಿಷ್ ಅಷ್ಟು ಬರಲ್ಲ ಅಂತ ಹಿಂಜರಿಯೋ ಅಮ್ಮಂದಿರು ನಾಲ್ಕೇ ಸಾಲು ಬರೀಲಿ, ಅವರ ಮಗುವಿನ ವಿಷಯನೇ ಬರೀಲಿ, ಅದರ ತೂಕನೇ ಬೇರೆ.

ಆನ್‌ಲೈನ್ ಪಿಟಿಷನ್ ಪೇಪರ್‌ನೋರನ್ನ ಕರ್ಸೋಕೆ ಪರವಾಗಿಲ್ಲ, ಅಷ್ಟೇ. ಸೈನ್ ಮಾಡಿದ್ಮೇಲೆ "ಇದನ್ನ ಹರಡೋಕೆ ದುಡ್ಡು ಕೊಡಿ" ಅಂತ ಕೇಳುತ್ತಲ್ಲ, ಆ ದುಡ್ಡು ನಿಮ್ಮ ಚಳವಳಿಗೆ ಬರಲ್ಲ. ಟೀ ಶರ್ಟೂ ಬೇಡ.

5. ಕೋರ್ಟು

ಜುಡಿಷಿಯಲ್ ರಿವ್ಯೂ (ನಿರ್ಧಾರವನ್ನ ಕೋರ್ಟಲ್ಲಿ ಪ್ರಶ್ನಿಸೋ ಅರ್ಜಿ) ಹಾಕೋದಾದ್ರೆ ತಡ ಮಾಡದೆ ಹಾಕ್ಬೇಕು, ಹೆಚ್ಚಂದ್ರೆ 3 ತಿಂಗಳು. ಲಾಯರ್ ನೋಟಿಸ್ ಕೊಟ್ಟ ತಕ್ಷಣ ಗಡಿಯಾರ ನಿಲ್ಲಲ್ಲ, ಇದನ್ನ ತಪ್ಪು ತಿಳ್ಕೊಂಡು ಕೈ ಸುಟ್ಕೊಂಡೋರು ಇದಾರೆ. ಕೋರ್ಟ್ ನೋಡೋದು ನಿರ್ಧಾರ ಒಳ್ಳೇದಾ ಅಂತಲ್ಲ, ಸರಿಯಾದ ಕ್ರಮದಲ್ಲಿ ಆಯ್ತಾ ಅಂತ. ಸೋತ್ರೆ ಎದುರಿನವರ ಖರ್ಚೂ ನಿಮ್ಮ ತಲೆ ಮೇಲೆ ಬರಬಹುದು, ಹಾಗಾಗಿ ಚಂದಾ ಎತ್ತೋ ಮೊದಲು ಅರ್ಜಿದಾರರಾಗಿ ಯಾರ ಹೆಸರು ಹಾಕ್ತೀವಿ, ಅವರ ಮನೆಗೆ ತೊಂದ್ರೆ ಆಗ್ದಂಗೆ ಏನು ಮಾಡ್ತೀವಿ ಅಂತ ಲಾಯರ್ ಎದುರೇ ಕೂತು ತೀರ್ಮಾನ ಮಾಡಿ.

ಮಧ್ಯದಲ್ಲಿ ಟ್ರಸ್ಟೇ ಹಿಂದೆ ಸರಿದ್ರೆ ಪಟಾಕಿ ಹೊಡೀಬೇಡಿ. ಆರ್ಡರ್ ಬಂದಿರೋ ಕೇಸಲ್ಲಿ ಅದು ಇನ್ನೂ ಜೀವಂತ ಇರುತ್ತೆ, ಇನ್ನೊಂದು ಟ್ರಸ್ಟ್ ಹುಡುಕ್ತಿರ್ತಾರೆ. ಅವತ್ತೇ ಕೂತು ಹೊಸ ಎಫ್‌ಒಐ ಹಾಕಿ, ಆರ್ಡರ್ ರದ್ದು ಮಾಡಿ ಅಂತ ಮಂತ್ರಿಗೆ ಪತ್ರ ಬರೀರಿ, ಕಾಪಿ ನಿಮ್ಮ ಎಂಪಿಗೆ.